ಕಿರಿಯರ ಬ್ಲಿಟ್ಜ್ ಚದುರಂಗ

ಕಿರಿಯರ ಬ್ಲಿಟ್ಜ್ ಚದುರಂಗ ಎಂಬುದು ವಯೋಮಿತಿಯ ಪಂದ್ಯಾವಳಿಗಳಲ್ಲಿ ಬಾಲಕ ಬಾಲಕಿಯರು ಅತಿ ಕಡಿಮೆ ಕಾಲಾವಕಾಶದಲ್ಲಿ ಆಡುವ ಚದುರಂಗದ ಪ್ರಕಾರವಾಗಿದೆ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ (ಫಿಡೆ) ನಿಯಮಗಳ ಪ್ರಕಾರ, ಪ್ರತಿ ಆಟಗಾರನಿಗೆ ಇಡೀ ಆಟಕ್ಕೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿರುವ ಆಟವನ್ನು ಬ್ಲಿಟ್ಜ್ ಎಂದು ಕರೆಯಲಾಗುತ್ತದೆ. 10 ನಿಮಿಷಕ್ಕಿಂತ ಹೆಚ್ಚು ಮತ್ತು 60 ನಿಮಿಷಕ್ಕಿಂತ ಕಡಿಮೆ ಸಮಯದ ಆಟಕ್ಕೆ ರ‍್ಯಾಪಿಡ್ ಎಂಬ ಹೆಸರಿದೆ. ಕಾಯಿಗಳ ಚಲನೆಯಲ್ಲಿ ಬ್ಲಿಟ್ಜ್‌ಗೂ ಸಾಮಾನ್ಯ ಚದುರಂಗಕ್ಕೂ ವ್ಯತ್ಯಾಸವಿಲ್ಲ. ಆದರೆ ಗಡಿಯಾರ, ನಿಯಮಬಾಹಿರ ನಡೆ ಮತ್ತು ತೀರ್ಪುಗಾರರ ಪಾತ್ರಕ್ಕೆ ಸಂಬಂಧಿಸಿದ ನಿಯಮಗಳು ಬೇರೆಯಾಗಿವೆ. ಮಕ್ಕಳ ಪಂದ್ಯಗಳಲ್ಲಿ ಕಾಯಿಗಳ ಸ್ಥಿತಿಯಿಂದ ಗೆದ್ದಿರುವ ಆಟವೊಂದು ಈ ನಿಯಮಗಳನ್ನು ತಿಳಿಯದ ಕಾರಣಕ್ಕೇ ಕೈತಪ್ಪುವುದುಂಟು.

ಈ ಲೇಖನದಲ್ಲಿ ಕಾಯಿಗಳಿಗೆ ರಾಜ, ರಾಣಿ (ಮಂತ್ರಿ), ಆನೆ, ಒಂಟೆ, ಕುದುರೆ ಮತ್ತು ಕಾಲಾಳು (ಪದಾತಿ) ಎಂಬ ರೂಢಿಯ ಹೆಸರುಗಳನ್ನು ಬಳಸಲಾಗಿದೆ. ಮನೆಗಳನ್ನು ‘ಎ’ಯಿಂದ ‘ಎಚ್’ವರೆಗಿನ ಅಕ್ಷರ ಮತ್ತು 1ರಿಂದ 8ರವರೆಗಿನ ಅಂಕೆಗಳಿಂದ ಸೂಚಿಸಲಾಗಿದೆ.

ಇತಿಹಾಸ

ಚದುರಂಗದಲ್ಲಿ ಸಮಯವನ್ನು ಅಳೆಯುವ ಪದ್ಧತಿ 19ನೆಯ ಶತಮಾನದಲ್ಲಿ ಬೆಳೆಯಿತು. ಅದಕ್ಕೂ ಮೊದಲು ಆಟಗಾರನು ಒಂದು ನಡೆಗೆ ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದಾಗಿತ್ತು. 1883ರ ಲಂಡನ್ ಪಂದ್ಯಾವಳಿಯಲ್ಲಿ ಥಾಮಸ್ ಬ್ರೈಟ್ ವಿಲ್ಸನ್ ರೂಪಿಸಿದ ಜೋಡಿ ಗಡಿಯಾರ ಬಳಕೆಗೆ ಬಂದಿತು. ಇದರಲ್ಲಿ ಒಬ್ಬನ ಗಡಿಯಾರ ನಿಂತಾಗ ಇನ್ನೊಬ್ಬನದು ಓಡತೊಡಗುತ್ತಿತ್ತು. ಸಮಯ ಮುಗಿದುದನ್ನು ಸ್ಪಷ್ಟವಾಗಿ ತೋರಿಸುವ ಪುಟ್ಟ ಬಾವುಟವನ್ನು ಮುಂದೆ ಗಡಿಯಾರಗಳಿಗೆ ಅಳವಡಿಸಲಾಯಿತು. ಇಂದು ಬಹುತೇಕ ಎಲ್ಲೆಡೆ ವಿದ್ಯುನ್ಮಾನ ಗಡಿಯಾರಗಳಿದ್ದರೂ ಸಮಯ ಮುಗಿಯುವುದನ್ನು ‘ಬಾವುಟ ಬೀಳುವುದು’ ಎಂದೇ ಹೇಳುವ ವಾಡಿಕೆ ಉಳಿದಿದೆ.

1970ರಲ್ಲಿ ಆಗಿನ ಯುಗೊಸ್ಲಾವಿಯದ ಹೆರ್ಸೆಗ್ ನೋವಿಯಲ್ಲಿ ನಡೆದ ಬ್ಲಿಟ್ಜ್ ಪಂದ್ಯಾವಳಿ ಈ ಪ್ರಕಾರದ ಪ್ರಸಿದ್ಧ ಸ್ಪರ್ಧೆಗಳಲ್ಲಿ ಒಂದು. ಅಮೆರಿಕದ ಬಾಬಿ ಫಿಶರ್ ಅದರಲ್ಲಿ 22 ಆಟಗಳಿಂದ 19 ಅಂಕ ಗಳಿಸಿ ಮೊದಲಿಗರಾದರು. ಪ್ರತಿ ನಡೆಯ ನಂತರ ಆಟಗಾರನಿಗೆ ಕೆಲವು ಸೆಕೆಂಡುಗಳನ್ನು ಮರಳಿ ಸೇರಿಸುವ ಗಡಿಯಾರಕ್ಕೆ ಹಕ್ಕುಸ್ವಾಮ್ಯ ಪಡೆದವರೂ ಅವರೇ. 1992ರಲ್ಲಿ ಫಿಶರ್ ಮತ್ತು ಬೋರಿಸ್ ಸ್ಪಾಸ್ಕಿ ನಡುವೆ ನಡೆದ ಪಂದ್ಯದಲ್ಲಿ ಈ ಗಡಿಯಾರವನ್ನು ಬಳಸಲಾಯಿತು. ಈಗಿನ ಬ್ಲಿಟ್ಜ್ ಆಟದ ಸ್ವರೂಪವನ್ನು ಈ ‘ಹೆಚ್ಚುವರಿ ಸೆಕೆಂಡು’ಗಳೇ ನಿರ್ಧರಿಸುತ್ತವೆ. 2012ರಿಂದ ಫಿಡೆ ಸಂಸ್ಥೆಯು ರ‍್ಯಾಪಿಡ್ ಮತ್ತು ಬ್ಲಿಟ್ಜ್ ಆಟಗಳಿಗೆ ಪ್ರತ್ಯೇಕ ರೇಟಿಂಗ್ ಪಟ್ಟಿಗಳನ್ನು ಪ್ರಕಟಿಸುತ್ತಿದೆ.

ಎಳೆಯ ವಯಸ್ಸಿನವರು ಹಿರಿಯರನ್ನು ಸರಿಗಟ್ಟುವ ಸಾಧ್ಯತೆಯನ್ನು ಬ್ಲಿಟ್ಜ್ ಹಲವು ಬಾರಿ ತೋರಿಸಿದೆ. 2004ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 13 ವರ್ಷದ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಬ್ಲಿಟ್ಜ್ ಆಟದಲ್ಲಿ ಮಾಜಿ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೋವ್ ಅವರನ್ನು ಸೋಲಿಸಿದನು. ಮರುದಿನ ರ‍್ಯಾಪಿಡ್ ಆಟವೊಂದರಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರೊಂದಿಗೆ ಡ್ರಾ ಸಾಧಿಸಿದನು. ಭಾರತದ ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಆಡಿ ಬೆಳೆದ ಚೆನ್ನೈನ ಟಾಲ್ ಚೆಸ್ ಕ್ಲಬ್‌ನಲ್ಲಿ ಗೆದ್ದವನು ಹಲಗೆಯ ಮುಂದೆ ಉಳಿದು, ಸೋತವನು ಎದ್ದು ಸರದಿಯ ಕೊನೆಗೆ ಹೋಗಬೇಕಿತ್ತು. ವೇಗದ ಆಟಕ್ಕೆ ಹೆಸರಾದ ಆನಂದ್ 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದರು. 1988ರಲ್ಲಿ ಅವರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು.

ಸಮಯದ ಲೆಕ್ಕ

ಬ್ಲಿಟ್ಜ್‌ನ ಸಮಯವನ್ನು ಎರಡು ಸಂಖ್ಯೆಗಳಿಂದ ಸೂಚಿಸಲಾಗುತ್ತದೆ. ‘3 ಕೂಡಿಸು 2’ ಎಂದರೆ ಪ್ರತಿ ಆಟಗಾರನಿಗೆ ಆರಂಭದಲ್ಲಿ 3 ನಿಮಿಷ ಮತ್ತು ಪ್ರತಿ ನಡೆಗೆ 2 ಸೆಕೆಂಡು ಹೆಚ್ಚುವರಿ ಎಂದರ್ಥ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ಇದೇ ಕ್ರಮವಿದೆ. ಹೆಚ್ಚುವರಿ ಸೆಕೆಂಡುಗಳಿಲ್ಲದ ‘5 ನಿಮಿಷ’ದ ಆಟವೂ ಬಳಕೆಯಲ್ಲಿದೆ.

ಆಟವೊಂದು ಬ್ಲಿಟ್ಜ್ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು 60 ನಡೆಗಳ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ‘3 ಕೂಡಿಸು 2’ ಕ್ರಮದಲ್ಲಿ 60 ನಡೆಗಳಿಗೆ 120 ಸೆಕೆಂಡು, ಅಂದರೆ 2 ನಿಮಿಷ ಸೇರಿ ಒಟ್ಟು 5 ನಿಮಿಷವಾಗುತ್ತದೆ. ಇದು 10 ನಿಮಿಷದ ಮಿತಿಯೊಳಗಿರುವುದರಿಂದ ಬ್ಲಿಟ್ಜ್ ಎನಿಸುತ್ತದೆ. 40 ನಡೆಗಳಲ್ಲಿ ಮುಗಿಯುವ ಆಟಕ್ಕೆ ಒಬ್ಬ ಆಟಗಾರನಿಗೆ ಸಿಗುವುದು 260 ಸೆಕೆಂಡು, ಅಂದರೆ ನಡೆಯೊಂದಕ್ಕೆ ಸರಾಸರಿ ಆರೂವರೆ ಸೆಕೆಂಡು. ಆರಂಭದಲ್ಲೇ ಒಂದು ನಡೆಗೆ ಒಂದು ನಿಮಿಷ ಕಳೆದ ಆಟಗಾರನಿಗೆ ಉಳಿದ 39 ನಡೆಗಳಿಗೆ ಸುಮಾರು 5 ಸೆಕೆಂಡಿನಂತೆ ಮಾತ್ರ ಉಳಿಯುತ್ತದೆ.

ಹೆಚ್ಚುವರಿ ಸೆಕೆಂಡುಗಳಿರುವ ಮತ್ತು ಇಲ್ಲದ ಆಟಗಳಿಗೆ ಬಹಳ ವ್ಯತ್ಯಾಸವಿದೆ. 2 ಸೆಕೆಂಡು ಸಿಗುವ ಆಟದಲ್ಲಿ, ರಾಣಿ ಮತ್ತು ರಾಜನಿಂದ ಒಂಟಿ ರಾಜನನ್ನು ಕಟ್ಟಿಹಾಕುವ ವಿಧಾನ ಬಲ್ಲ ಮಗುವು ಕೆಲವೇ ಸೆಕೆಂಡುಗಳು ಉಳಿದಿದ್ದರೂ ಆಟವನ್ನು ಗೆದ್ದು ಮುಗಿಸಬಲ್ಲುದು. ಹೆಚ್ಚುವರಿ ಸೆಕೆಂಡು ಇಲ್ಲದಿದ್ದರೆ ಅದೇ ಸ್ಥಿತಿಯಲ್ಲಿ ಸಮಯ ಮುಗಿದುಹೋಗಬಹುದು.

ಪ್ರಮುಖ ನಿಯಮಗಳು

ಗಡಿಯಾರ ಮತ್ತು ಕೈ

ಕಾಯಿಯನ್ನು ನಡೆಸಿದ ಕೈಯಿಂದಲೇ ಗಡಿಯಾರವನ್ನು ಒತ್ತಬೇಕು. ಕೋಟೆ ಕಟ್ಟುವಾಗ (ಕ್ಯಾಸ್ಲಿಂಗ್), ಎದುರಾಳಿಯ ಕಾಯಿಯನ್ನು ಹೊಡೆಯುವಾಗ ಮತ್ತು ಕಾಲಾಳಿಗೆ ಬಡ್ತಿ ನೀಡುವಾಗ ಒಂದೇ ಕೈಯನ್ನು ಬಳಸಬೇಕು. ಎರಡೂ ಕೈ ಬಳಸಿ ಗಡಿಯಾರ ಒತ್ತಿದರೆ ಅದನ್ನು ನಿಯಮಬಾಹಿರ ನಡೆಯಂತೆ ಪರಿಗಣಿಸಿ ದಂಡ ವಿಧಿಸಲಾಗುತ್ತದೆ. ಕ್ಯಾಸ್ಲಿಂಗ್‌ನಲ್ಲಿ ಮೊದಲು ರಾಜನನ್ನೂ ಅನಂತರ ಆನೆಯನ್ನೂ ಚಲಿಸಬೇಕು. ಕಾಯಿಗಳು ಉರುಳಿದರೆ ಉರುಳಿಸಿದವನು ತನ್ನ ಸಮಯದಲ್ಲೇ ಅವನ್ನು ಸರಿಪಡಿಸಬೇಕು. ಹಾಗೆ ಮಾಡದೆ ಗಡಿಯಾರ ಒತ್ತಿದಾಗ ಎದುರಾಳಿಯು ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬಹುದು.

ಮುಟ್ಟಿದ ಕಾಯಿ

ತನ್ನ ಸರದಿಯಲ್ಲಿ ಉದ್ದೇಶಪೂರ್ವಕವಾಗಿ ಮುಟ್ಟಿದ ಕಾಯಿಯನ್ನು ನಡೆಸಲು ಸಾಧ್ಯವಿದ್ದರೆ ನಡೆಸಲೇಬೇಕು ಎಂಬ ನಿಯಮ ಬ್ಲಿಟ್ಜ್‌ಗೂ ಅನ್ವಯಿಸುತ್ತದೆ. ಎದುರಾಳಿಯ ಕಾಯಿಯನ್ನು ಮುಟ್ಟಿದರೆ ಸಾಧ್ಯವಿದ್ದಲ್ಲಿ ಅದನ್ನು ಹೊಡೆಯಬೇಕು. ಕಾಯಿಯನ್ನು ಮನೆಯ ನಡುವಿಗೆ ಸರಿಪಡಿಸಬೇಕಾದರೆ ಮೊದಲೇ ಅದನ್ನು ತಿಳಿಸಬೇಕು.

ನಿಯಮಬಾಹಿರ ನಡೆ

ತನ್ನ ರಾಜನನ್ನು ಶಹದಲ್ಲಿ (ಚೆಕ್) ಬಿಡುವುದು, ಕಾಯಿಯನ್ನು ತಪ್ಪು ದಾರಿಯಲ್ಲಿ ನಡೆಸುವುದು, ಎಂಟನೆಯ ಸಾಲು ಮುಟ್ಟಿದ ಕಾಲಾಳಿನ ಬದಲು ಹೊಸ ಕಾಯಿಯನ್ನು ಇಡದೆ ಗಡಿಯಾರ ಒತ್ತುವುದು ಇವು ಮಕ್ಕಳ ಆಟದಲ್ಲಿ ಕಾಣುವ ನಿಯಮಬಾಹಿರ ನಡೆಗಳು. ಗಡಿಯಾರ ಒತ್ತಿದ ಮೇಲೆಯೇ ಇಂತಹ ನಡೆ ಪೂರ್ಣಗೊಂಡಂತೆ. ಒತ್ತುವ ಮುನ್ನ ತಪ್ಪು ತಿಳಿದರೆ ನಡೆಯನ್ನು ತಿದ್ದಿಕೊಳ್ಳಬಹುದು, ಆದರೆ ಮುಟ್ಟಿದ ಕಾಯಿಯ ನಿಯಮ ಆಗಲೂ ಜಾರಿಯಲ್ಲಿರುತ್ತದೆ.

ಮೊದಲ ನಿಯಮಬಾಹಿರ ನಡೆಗೆ ಎದುರಾಳಿಗೆ 1 ನಿಮಿಷ ಹೆಚ್ಚುವರಿ ಸಮಯ ನೀಡಲಾಗುತ್ತದೆ. ಅದೇ ಆಟಗಾರನು ಎರಡನೆಯ ಬಾರಿ ತಪ್ಪಿದರೆ ಸಾಮಾನ್ಯವಾಗಿ ಆಟ ಸೋತಂತೆ. ಹಿಂದಿನ ನಿಯಮಗಳಲ್ಲಿ ಬ್ಲಿಟ್ಜ್‌ನ ಮೊದಲ ತಪ್ಪಿಗೇ ಎದುರಾಳಿಯು ಗೆಲುವು ಕೇಳಬಹುದಾಗಿತ್ತು. ಈ ಬದಲಾವಣೆಯಿಂದ ಒಂದು ಕ್ಷಣದ ಅಚಾತುರ್ಯಕ್ಕೆ ಇಡೀ ಆಟವನ್ನು ಕಳೆದುಕೊಳ್ಳುವ ಪ್ರಸಂಗಗಳು ಕಡಿಮೆಯಾದವು.

ಆಕ್ಷೇಪ ಸಲ್ಲಿಸುವ ಸಮಯ ಬಹಳ ಮುಖ್ಯವಾದುದು. ಎದುರಾಳಿಯ ನಡೆ ನಿಯಮಬಾಹಿರವೆಂದು ಹೇಳಬೇಕಾದರೆ ತನ್ನ ಮುಂದಿನ ನಡೆಯನ್ನು ಆಡುವ ಮೊದಲೇ ಗಡಿಯಾರ ನಿಲ್ಲಿಸಿ ತೀರ್ಪುಗಾರರಿಗೆ ತಿಳಿಸಬೇಕು. ತೀರ್ಪುಗಾರರು ತಾವೇ ನೋಡಿದಲ್ಲಿ ಅಷ್ಟರೊಳಗೆ ಮಧ್ಯಪ್ರವೇಶಿಸಬಹುದು. ಆಟಗಾರ ಉತ್ತರವಾಗಿ ನಡೆ ಆಡಿಬಿಟ್ಟರೆ ಹಿಂದಿನ ತಪ್ಪು ನಡೆ ಹಾಗೆಯೇ ಉಳಿದು ಆಟ ಮುಂದುವರಿಯುತ್ತದೆ. ಪ್ರತಿ ಆಟಕ್ಕೂ ಒಬ್ಬ ತೀರ್ಪುಗಾರರಿದ್ದು ನಡೆಗಳು ದಾಖಲಾಗುತ್ತಿರುವ ಪಂದ್ಯಗಳಲ್ಲಿ ಮಾತ್ರ ಸಾಮಾನ್ಯ ಸ್ಪರ್ಧಾ ನಿಯಮಗಳು ಅನ್ವಯಿಸುತ್ತವೆ. ಹತ್ತಾರು ಹಲಗೆಗಳಿಗೆ ಕೆಲವೇ ತೀರ್ಪುಗಾರರಿರುವ ಕಿರಿಯರ ಪಂದ್ಯಾವಳಿಗಳಲ್ಲಿ ಇದು ಕಷ್ಟ. ಆದ್ದರಿಂದ ತನ್ನ ಹಕ್ಕನ್ನು ಕಾಯ್ದುಕೊಳ್ಳುವ ಹೊಣೆ ಹೆಚ್ಚಾಗಿ ಮಗುವಿನ ಮೇಲೆಯೇ ಬೀಳುತ್ತದೆ.

ಮನೆಯ ಆಟದಲ್ಲಿ ಶಹದಲ್ಲಿ ಉಳಿದ ರಾಜನನ್ನು ‘ಹೊಡೆದು’ ಗೆಲುವು ಸಾರುವ ರೂಢಿಯಿದೆ. ಫಿಡೆ ನಿಯಮಗಳಲ್ಲಿ ಇದಕ್ಕೆ ಅವಕಾಶವಿಲ್ಲ. ರಾಜನನ್ನು ಹೊಡೆಯುವುದೂ ನಿಯಮಬಾಹಿರ ನಡೆಯೇ ಆಗಿದೆ. ‘ಶಹ’ ಎಂದು ಬಾಯಿಬಿಟ್ಟು ಹೇಳಬೇಕೆಂಬ ಕಡ್ಡಾಯವೂ ಇಲ್ಲ.

ಸಮಯ ಮುಗಿದಾಗ

ಸಮಯ ಮುಗಿದ ಆಟಗಾರನು ಸೋಲುತ್ತಾನೆ. ಇದಕ್ಕೊಂದು ಅಪವಾದವಿದೆ. ನಿಯಮಬದ್ಧವಾದ ಯಾವ ನಡೆಗಳ ಸರಣಿಯಿಂದಲೂ ಎದುರಾಳಿಯು ಶಹಮಾತ್ (ಚೆಕ್‌ಮೇಟ್) ಮಾಡಲು ಸಾಧ್ಯವಿಲ್ಲದಿದ್ದರೆ ಆಟ ಡ್ರಾ ಆಗುತ್ತದೆ. ಎದುರಾಳಿಯ ಬಳಿ ಒಂಟಿ ರಾಜ ಮಾತ್ರ ಉಳಿದಿದ್ದರೆ ಅದು ಡ್ರಾ. ಅವನ ಬಳಿ ಒಂದು ಕಾಲಾಳು ಇದ್ದರೂ ಬಡ್ತಿ ಪಡೆಯುವ ಸಾಧ್ಯತೆ ಇರುವಾಗ ಅವನಿಗೆ ಗೆಲುವು ದೊರೆಯುತ್ತದೆ.

ಈ ನಿಯಮ ಕೆಲವೊಮ್ಮೆ ಅಚ್ಚರಿಯ ಫಲಿತಾಂಶ ನೀಡುತ್ತದೆ. ಬಿಳಿಯ ಬಳಿ ರಾಜ ಮತ್ತು ಕುದುರೆ ಇದ್ದು ಕಪ್ಪಿನ ಬಳಿ ಒಂಟಿ ರಾಜ ಇದ್ದರೆ ಆಟ ಡ್ರಾ. ಆದರೆ ಕಪ್ಪಿನ ಬಳಿ ಅಂಚಿನ ಕಾಲಾಳೊಂದು ಉಳಿದಿದ್ದರೆ ಕಪ್ಪು ಸಮಯ ಮೀರಿದಾಗ ಬಿಳಿ ಗೆಲ್ಲುತ್ತದೆ. ಕಪ್ಪು ರಾಜ ಎ1 ಮನೆಯಲ್ಲೂ ಅದರ ಕಾಲಾಳು ಎ2ರಲ್ಲೂ ಇರುವಾಗ, ಬಿಳಿ ರಾಜ ಸಿ1ರಲ್ಲಿದ್ದು ಬಿಳಿ ಕುದುರೆ ಸಿ2ಕ್ಕೆ ಬಂದರೆ ಅದು ಶಹಮಾತ್. ಕಪ್ಪು ರಾಜನಿಗೆ ಬಿ1 ಮತ್ತು ಬಿ2 ಮನೆಗಳನ್ನು ಬಿಳಿ ರಾಜ ತಡೆದಿದ್ದು, ಎ2 ಮನೆಯನ್ನು ಅದರದೇ ಕಾಲಾಳು ಮುಚ್ಚಿರುತ್ತದೆ. ಹೆಚ್ಚು ಕಾಯಿ ಉಳಿಸಿಕೊಂಡ ಕಾರಣಕ್ಕೇ ಕಪ್ಪು ಸೋಲುವ ಈ ಸ್ಥಿತಿ ತೀರ್ಪುಗಾರರ ತರಬೇತಿಯಲ್ಲಿ ಬಳಸಲು ತಕ್ಕ ಉದಾಹರಣೆಯಾಗಿದೆ.

ಡ್ರಾ

ಸ್ಟೇಲ್‌ಮೇಟ್, ಅಂದರೆ ಶಹವಿಲ್ಲದೆಯೂ ಆಡಲು ನಡೆಯೇ ಇಲ್ಲದ ಸ್ಥಿತಿ, ಡ್ರಾ ಎನಿಸುತ್ತದೆ. ಗೆಲ್ಲುತ್ತಿರುವ ಮಕ್ಕಳು ಅವಸರದಲ್ಲಿ ಎದುರಾಳಿಯ ಒಂಟಿ ರಾಜನ ದಾರಿಗಳನ್ನೆಲ್ಲ ರಾಣಿಯಿಂದ ಮುಚ್ಚಿ ಅರ್ಧ ಅಂಕ ಕಳೆದುಕೊಳ್ಳುವುದು ಹೀಗೆಯೇ. ಒಂದೇ ಸ್ಥಿತಿ ಮೂರು ಬಾರಿ ಬಂದಾಗ ಆಟಗಾರ ಡ್ರಾ ಕೇಳಬಹುದು. ಬ್ಲಿಟ್ಜ್‌ನಲ್ಲಿ ನಡೆಗಳನ್ನು ಬರೆದುಕೊಳ್ಳುವ ಕಡ್ಡಾಯವಿಲ್ಲದ ಕಾರಣ ಇದನ್ನು ಸಾಬೀತುಪಡಿಸುವುದು ಸುಲಭವಲ್ಲ.

ರಿಯಾದ್ ಪ್ರಸಂಗ

ನಿಯಮಬಾಹಿರ ನಡೆಯ ವಿಚಾರದಲ್ಲಿ ಪರಿಣತರೂ ಗೊಂದಲಕ್ಕೆ ಒಳಗಾಗಬಹುದು ಎಂಬುದಕ್ಕೆ 2017ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನ ಆಟವೊಂದು ಸಾಕ್ಷಿಯಾಗಿದೆ. ರಷ್ಯಾದ ಎರ್ನೆಸ್ಟೊ ಇನಾರ್ಕಿಯೆವ್ ಅವರ ರಾಜನು ಶಹದಲ್ಲಿದ್ದನು. ಅವರು ಅದನ್ನು ತಪ್ಪಿಸದೆ ಕುದುರೆಯಿಂದ ಮ್ಯಾಗ್ನಸ್ ಕಾರ್ಲ್‌ಸನ್ ಅವರ ರಾಜನಿಗೇ ಶಹ ಕೊಟ್ಟರು. ಕಾರ್ಲ್‌ಸನ್ ಆಕ್ಷೇಪಿಸುವ ಬದಲು ತಮ್ಮ ರಾಜನನ್ನು ಸರಿಸಿದರು. ಇನಾರ್ಕಿಯೆವ್ ಆಗ ಗಡಿಯಾರ ನಿಲ್ಲಿಸಿ, ಕಾರ್ಲ್‌ಸನ್ ಅವರ ನಡೆಯೇ ನಿಯಮಬಾಹಿರವೆಂದು ವಾದಿಸಿದರು. ತೀರ್ಪುಗಾರರು ಮೊದಲು ಇನಾರ್ಕಿಯೆವ್ ಪರ ತೀರ್ಪಿತ್ತರು. ಕಾರ್ಲ್‌ಸನ್ ಪ್ರತಿಭಟಿಸಿದ ಬಳಿಕ ಮುಖ್ಯ ತೀರ್ಪುಗಾರರು ಆಟವನ್ನು ಅದೇ ಸ್ಥಿತಿಯಿಂದ ಮುಂದುವರಿಸಲು ಸೂಚಿಸಿದರು. ಇನಾರ್ಕಿಯೆವ್ ಒಪ್ಪದಿದ್ದುದರಿಂದ ಕಾರ್ಲ್‌ಸನ್ ಅವರಿಗೆ ಗೆಲುವು ನೀಡಲಾಯಿತು. ತಪ್ಪು ನಡೆಗೆ ಉತ್ತರವಾಗಿ ನಡೆ ಆಡಿದೊಡನೆ ಹಿಂದಿನ ತಪ್ಪಿನ ವಿಚಾರ ಮುಗಿಯುತ್ತದೆ ಎಂಬ ತತ್ವವನ್ನು ಈ ಪ್ರಸಂಗ ಎತ್ತಿ ತೋರಿಸುತ್ತದೆ.

ಪಂದ್ಯಾವಳಿಯ ಸ್ವರೂಪ

ಫಿಡೆ ನಡೆಸುವ ವಿಶ್ವ ಮಟ್ಟದ ಕಿರಿಯರ ಸ್ಪರ್ಧೆಗಳು 8, 10, 12, 14, 16 ಮತ್ತು 18 ವರ್ಷದೊಳಗಿನ ವಿಭಾಗಗಳಲ್ಲಿ ನಡೆಯುತ್ತವೆ. ಪ್ರತಿ ವಯೋಮಿತಿಯಲ್ಲಿ ಮುಕ್ತ ಮತ್ತು ಬಾಲಕಿಯರ ವಿಭಾಗಗಳಿರುತ್ತವೆ. ಆಯಾ ವರ್ಷದ ಜನವರಿ 1ಕ್ಕೆ ಆ ವಯಸ್ಸನ್ನು ತಲುಪಿರದವರು ಅರ್ಹರು.

ಹೆಚ್ಚಿನ ಪಂದ್ಯಾವಳಿಗಳಲ್ಲಿ ಸ್ವಿಸ್ ಪದ್ಧತಿ ಅನುಸರಿಸಲಾಗುತ್ತದೆ. 1895ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯಲ್ಲಿ ಸೋತವರು ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಥವಾ ಹತ್ತಿರದ ಅಂಕ ಪಡೆದವರು ಎದುರುಬದುರಾಗುತ್ತಾರೆ, ಮತ್ತು ಒಮ್ಮೆ ಆಡಿದವರು ಮತ್ತೆ ಆಡುವುದಿಲ್ಲ. ಗೆಲುವಿಗೆ 1, ಡ್ರಾಗೆ ಅರ್ಧ ಅಂಕವಿರುತ್ತದೆ. ಅಂಕ ಸಮವಾದಾಗ ಎದುರಾಳಿಗಳ ಅಂಕಗಳ ಮೊತ್ತವನ್ನು ಆಧರಿಸಿದ ಬುಕ್‌ಹೋಲ್ಜ್‌ನಂತಹ ಕ್ರಮಗಳಿಂದ ಸ್ಥಾನ ನಿರ್ಧಾರವಾಗುತ್ತದೆ. ‘3 ಕೂಡಿಸು 2’ ಕ್ರಮದ ಒಂದು ಸುತ್ತು ಸುಮಾರು ಕಾಲು ಗಂಟೆಯಲ್ಲಿ ಮುಗಿಯುವುದರಿಂದ 9 ಅಥವಾ ಅದಕ್ಕಿಂತ ಹೆಚ್ಚು ಸುತ್ತುಗಳನ್ನು ಒಂದೇ ದಿನದಲ್ಲಿ ನಡೆಸಬಹುದು.

ಆಟದ ವೇಳೆ ಪೋಷಕರು, ತರಬೇತುದಾರರು ಮತ್ತು ಇತರ ಆಟಗಾರರು ಮಾತನಾಡುವಂತಿಲ್ಲ. ನಿಯಮೋಲ್ಲಂಘನೆ ಕಂಡವರು ಅದನ್ನು ತೀರ್ಪುಗಾರರಿಗೆ ಮಾತ್ರ ತಿಳಿಸಬಹುದು. ತನ್ನ ಮಗುವಿನ ಎದುರಾಳಿಯ ಬಾವುಟ ಬಿದ್ದಿರುವುದನ್ನು ಪೋಷಕರು ಕೂಗಿ ಹೇಳುವುದು ಹಸ್ತಕ್ಷೇಪವಾಗುತ್ತದೆ.

ಆಟದ ತಂತ್ರ

ಎಳೆಯರ ಬ್ಲಿಟ್ಜ್‌ನಲ್ಲಿ ಆರಂಭದ ಬಲೆಗಳಿಗೆ ಹೆಚ್ಚಿನ ಸ್ಥಾನವಿದೆ. ಇವುಗಳಲ್ಲಿ ನಾಲ್ಕು ನಡೆಯ ಶಹಮಾತ್ ಪ್ರಸಿದ್ಧವಾದುದು. ಬಿಳಿಯ ರಾಜನ ಮುಂದಿನ ಕಾಲಾಳು ಇ4ಕ್ಕೆ, ಒಂಟೆ ಸಿ4ಕ್ಕೆ ಮತ್ತು ರಾಣಿ ಎಚ್5ಕ್ಕೆ ಬರುತ್ತವೆ. ಕಪ್ಪು ಎಚ್ಚರ ತಪ್ಪಿದರೆ ರಾಣಿಯು ಎಫ್7 ಮನೆಯ ಕಾಲಾಳನ್ನು ಹೊಡೆದು ಶಹಮಾತ್ ಮಾಡುತ್ತದೆ. ರಾಣಿ ಎಚ್5ಕ್ಕೆ ಬಂದಾಗ ಜಿ7ರ ಕಾಲಾಳನ್ನು ಜಿ6ಕ್ಕೆ ಸರಿಸುವುದು ಸರಳವಾದ ರಕ್ಷಣೆಯಾಗಿದೆ. ಆದರೆ ಇ5ರ ಕಾಲಾಳಿಗೆ ಸಿ6ರ ಕುದುರೆಯ ಬೆಂಬಲ ಅದಕ್ಕೂ ಮೊದಲೇ ಇರಬೇಕು. ಬಲೆ ಫಲಿಸದಿದ್ದರೆ ಬಿಳಿಯ ರಾಣಿ ಹಿಂದೆ ಸರಿಯಬೇಕಾಗಿ ಬಂದು ಕಪ್ಪಿಗೆ ಕಾಯಿಗಳನ್ನು ಹೊರತರಲು ಸಮಯ ದೊರೆಯುತ್ತದೆ.

ಅಂತಿಮ ಘಟ್ಟದಲ್ಲಿ ಲೆಕ್ಕ ಹಾಕಲು ಸಮಯವಿರುವುದಿಲ್ಲ. ಆದ್ದರಿಂದ ಮೊದಲೇ ಕಲಿತ ಸ್ಥಿತಿಗಳು ನೆರವಾಗುತ್ತವೆ. ಉದಾಹರಣೆಗೆ, ರಾಜನು ಆರನೆಯ ಸಾಲಿನಲ್ಲಿ ತನ್ನ ಕಾಲಾಳಿನ ಮುಂದೆ ನಿಂತಿದ್ದರೆ, ಕಾಲಾಳು ಅಂಚಿನ ಸಾಲಿನದಲ್ಲದಿದ್ದಾಗ, ಸರದಿ ಯಾರದೇ ಆದರೂ ಗೆಲುವು ಸಾಧ್ಯ. ಅಂಚಿನ ಕಾಲಾಳಿನಲ್ಲಿ ಎದುರಾಳಿಯ ರಾಜನು ಮೂಲೆಯನ್ನು ಹಿಡಿದರೆ ಆಟ ಡ್ರಾ ಆಗುತ್ತದೆ.

ಕಲಿಕೆಯ ಕುರಿತ ಅಭಿಪ್ರಾಯಗಳು

ಬ್ಲಿಟ್ಜ್ ಆಟ ಮಕ್ಕಳ ಬೆಳವಣಿಗೆಗೆ ನೆರವಾಗುತ್ತದೆಯೇ ಎಂಬ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಸೋವಿಯತ್ ಚದುರಂಗ ಪರಂಪರೆಯ ಹಿರಿಯರಾದ ಮಿಖಾಯಿಲ್ ಬೋಟ್ವಿನ್ನಿಕ್ ಇದನ್ನು ಗಂಭೀರ ತರಬೇತಿಯೆಂದು ಪರಿಗಣಿಸಲಿಲ್ಲ. ಅದೇ ಪರಂಪರೆಯ ಮಿಖಾಯಿಲ್ ಟಾಲ್ ಬ್ಲಿಟ್ಜ್ ಪ್ರಿಯರಾಗಿದ್ದು, 1988ರಲ್ಲಿ ಕೆನಡಾದ ಸೇಂಟ್ ಜಾನ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್ ಸ್ಪರ್ಧೆಯನ್ನು 51ನೆಯ ವಯಸ್ಸಿನಲ್ಲಿ ಗೆದ್ದರು. ಬ್ಲಿಟ್ಜ್‌ನಿಂದ ಆರಂಭದ ನಡೆಗಳ ಅಭ್ಯಾಸ ಮತ್ತು ತ್ವರಿತ ಗ್ರಹಿಕೆ ಹೆಚ್ಚುತ್ತವೆ ಎಂಬುದು ಪರವಾದ ವಾದ. ಆಳವಾಗಿ ಯೋಚಿಸುವ ತಾಳ್ಮೆ ಕುಂದುತ್ತದೆ ಮತ್ತು ಎದುರಾಳಿಯ ತಪ್ಪನ್ನೇ ನಂಬುವ ಅಭ್ಯಾಸ ಬೆಳೆಯುತ್ತದೆ ಎಂಬುದು ವಿರುದ್ಧವಾದ. ಆಟ ಮುಗಿದ ಮೇಲೆ ನಿರ್ಣಾಯಕ ಸ್ಥಿತಿಯನ್ನು ಮತ್ತೆ ಹಲಗೆಯ ಮೇಲೆ ಇಟ್ಟು ಚರ್ಚಿಸಿದಾಗ ಎರಡರ ನಡುವೆ ಸಮತೋಲ ಸಾಧ್ಯವಾಗುತ್ತದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಚದುರಂಗಕ್ಕೆ ಅರಮನೆಯ ಆಶ್ರಯದ ಇತಿಹಾಸವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕುದುರೆಯು ಹಲಗೆಯ 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟುವ ಬಂಧಗಳನ್ನು ರಚಿಸಿದ್ದರು. ಮೈಸೂರಿನವರೇ ಆದ ಎಂ. ಎಸ್. ತೇಜಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅನಂತರ ಶಿವಮೊಗ್ಗದ ಜಿ. ಎ. ಸ್ಟ್ಯಾನಿ ಮತ್ತು ಮೈಸೂರಿನ ಗಿರೀಶ್ ಕೌಶಿಕ್ ಈ ಪದವಿ ಪಡೆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯಾದ ಮಾಮಾಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದು, ಅದೇ ವೇಳೆಗೆ ಭಾರತದ 76ನೆಯ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು.

ಬೆಂಗಳೂರಿನಿಂದ ದೂರದ ಊರುಗಳ ಮಕ್ಕಳಿಗೆ ಬ್ಲಿಟ್ಜ್‌ನ ಅಲ್ಪಾವಧಿಯೇ ಒಂದು ಅನುಕೂಲ. ಕೋಲಾರ ಜಿಲ್ಲೆಯ ಕೆಜಿಎಫ್ ಇದಕ್ಕೆ ಉದಾಹರಣೆಯಾಗಬಲ್ಲುದು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಬಳಿಕ ಇಲ್ಲಿನ ಅನೇಕ ಕುಟುಂಬಗಳು ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತವೆ. ಮಾರಿಕುಪ್ಪಂನಿಂದ ಹೊರಡುವ ಮಾರ್ಗವು ಚಾಂಪಿಯನ್, ಊರಿಗಾಂ ಮತ್ತು ಕೋರಮಂಡಲ ನಿಲ್ದಾಣಗಳ ಮೂಲಕ ಬಂಗಾರಪೇಟೆ ಜಂಕ್ಷನ್‌ನಲ್ಲಿ ಮುಖ್ಯ ಮಾರ್ಗವನ್ನು ಸೇರುತ್ತದೆ. ಅಲ್ಲಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವಿದೆ. ದೀರ್ಘಾವಧಿಯ ಪಂದ್ಯಾವಳಿಗಳು ಹಲವು ದಿನ ನಡೆಯುವುದರಿಂದ ಮಗುವಿನೊಡನೆ ಪೋಷಕರೊಬ್ಬರು ಕೂಲಿ ಅಥವಾ ಸಂಬಳದ ದಿನಗಳನ್ನು ಬಿಟ್ಟು ವಸತಿಯ ವೆಚ್ಚವನ್ನೂ ಭರಿಸಬೇಕಾಗುತ್ತದೆ. ಭಾನುವಾರವೊಂದರಲ್ಲಿ ಮುಗಿಯುವ ಬ್ಲಿಟ್ಜ್ ಪಂದ್ಯಾವಳಿಗೆ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿಯೊಳಗೆ ಮರಳಬಹುದು. ಫಿಡೆ ಮಾನ್ಯತೆ ಇರುವ ಪಂದ್ಯಾವಳಿಯಾದರೆ ಬ್ಲಿಟ್ಜ್ ರೇಟಿಂಗ್ ಗಳಿಸುವ ಅವಕಾಶವೂ ಇದೆ. ಆದರೆ ಗ್ರ್ಯಾಂಡ್‌ಮಾಸ್ಟರ್ ಮುಂತಾದ ಪದವಿಗಳಿಗೆ ಬೇಕಾದ ನಾರ್ಮ್‌ಗಳು ದೀರ್ಘಾವಧಿಯ ಆಟಗಳಿಂದ ಮಾತ್ರ ದೊರೆಯುತ್ತವೆ. ಆದ್ದರಿಂದ ಬ್ಲಿಟ್ಜ್ ಒಂದರಿಂದಲೇ ಆ ಹಂತವನ್ನು ತಲುಪಲಾಗದು.

ರೇಟಿಂಗ್

ಬ್ಲಿಟ್ಜ್ ರೇಟಿಂಗ್ ಅನ್ನು ಎಲೋ ಪದ್ಧತಿಯಲ್ಲಿ ಲೆಕ್ಕ ಹಾಕಲಾಗುತ್ತದೆ. ಇಬ್ಬರ ರೇಟಿಂಗ್ ಅಂತರ 200 ಇದ್ದರೆ ಮೇಲಿನವರಿಗೆ ಪ್ರತಿ ಆಟದಿಂದ ಸರಾಸರಿ 0.76 ಅಂಕ ನಿರೀಕ್ಷಿತ. ಬ್ಲಿಟ್ಜ್ ಮತ್ತು ರ‍್ಯಾಪಿಡ್‌ಗಳಲ್ಲಿ ಬದಲಾವಣೆಯ ಗುಣಾಂಕ 20. ಅಂದರೆ ತನಗಿಂತ 200 ಅಂಕ ಮೇಲಿರುವವನನ್ನು ಸೋಲಿಸಿದ ಆಟಗಾರನಿಗೆ ಸುಮಾರು 15 ಅಂಕ ದೊರೆಯುತ್ತದೆ. ಅದೇ ಎದುರಾಳಿಗೆ ಸೋತರೆ ಕಳೆದುಕೊಳ್ಳುವುದು ಸುಮಾರು 5 ಅಂಕ ಮಾತ್ರ. ಹೀಗಾಗಿ ಬಲಿಷ್ಠ ಎದುರಾಳಿಯೊಡನೆ ಆಡುವ ಕಿರಿಯ ಆಟಗಾರನಿಗೆ ಈ ಪದ್ಧತಿಯಲ್ಲಿ ನಷ್ಟಕ್ಕಿಂತ ಗಳಿಕೆಯ ಸಾಧ್ಯತೆಯೇ ದೊಡ್ಡದಾಗಿರುತ್ತದೆ.